ಊಟದ ಹೊತ್ತಿಗೆ ಮುಚ್ಚಿದ ಲ್ಯಾಪ್‌ಟಾಪ್

ನನ್ನ ವಾಚಾಳಿಗೆ,

ಯಾವ ಪುಸ್ತಕ ಹಿಡಿದರೂ ನೀನು ಕೊನೆಯ ಪುಟವನ್ನೇ ಮೊದಲು ಓದುವವಳು. ಕಾಯಿಸಿದರೆ ನಿನಗೆ ಸಿಟ್ಟು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿನ್ನ ಲ್ಯಾಪ್‌ಟಾಪ್ ಕೆಟ್ಟುಹೋಗಿತ್ತು, ಈಗ ಸರಿಯಾಗಿದೆ. ಅಷ್ಟೇ ಆಗಿದ್ದರೆ ನಾನು ಕಾಗದ ಬರೆಯಲು ಕೂರುತ್ತಿರಲಿಲ್ಲ. ಅದು ಸರಿಯಾದ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ.

ಕಿವುಡನಿಗೆ ವಾಚಾಳಿ ಗಂಟುಬಿದ್ದದ್ದು ದೇವರ ಕುಚೋದ್ಯ ಎಂದು ನಿನ್ನ ಅಮ್ಮ ಇವತ್ತಿಗೂ ಹೇಳುತ್ತಾರೆ. ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡು ಹಲ್ಲು ಮಾಡುವ ಕೆಲಸ ಕಲಿತವನು ನಾನು. ಹೊಟ್ಟೆಪಾಡಿಗೂ ಜನರ ಬಾಯಿ ನೋಡುತ್ತೇನೆ, ಮಾತು ತಿಳಿಯಲೂ ಅದೇ ಬಾಯಿ ನೋಡುತ್ತೇನೆ. ನೀನು ಮುರಿದ ಮುಂಹಲ್ಲು ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದೆ. ಬಣ್ಣ ಹೊಂದಿಸೋಣವೆಂದು ಬಾಯಿ ತೆಗೆಸಿದರೆ, ತೆಗೆದ ಬಾಯಲ್ಲೇ ಮಾತಾಡಲು ಶುರು ಮಾಡಿದೆ. "ಸ್ವಲ್ಪ ಬಾಯಿ ಮುಚ್ಚಿ ಮಾತಾಡಿ, ಆಗ ನಂಗೆ ಅರ್ಥ ಆಗತ್ತೆ" ಎಂದೆ. ಕುರ್ಚಿಯಿಂದ ಬೀಳುವ ಹಾಗೆ ನಕ್ಕೆ ನೀನು. ಪಕ್ಕದ ಹಲ್ಲಿನ ಸಂದನ್ನೂ ಮುಚ್ಚಿಕೊಡಲೇ ಎಂದದ್ದಕ್ಕೆ, "ಬೇಡ, ಮಾತು ಹೊರಗೆ ಬರೋಕೆ ದಾರಿ ಬೇಕಲ್ಲ" ಎಂದೆ. ಅವತ್ತೇ ನನ್ನ ಕಥೆ ಮುಗಿಯಿತು.

ನಿನ್ನ ಕೆಲಸವೂ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಕಿವಿ ಕೇಳದವರು ಸಿನಿಮಾ ನೋಡಲೆಂದು ಪರದೆಯ ಅಡಿಯಲ್ಲಿ ಅಕ್ಷರ ಕೂರಿಸುತ್ತಿದ್ದೆ. ಬರೀ ಮಾತನ್ನಲ್ಲ, ಸದ್ದನ್ನೂ ಕಂಸದೊಳಗೆ ಬರೆಯುತ್ತಿದ್ದೆ. ಬಾಗಿಲು ಬಡಿದದ್ದು, ದೂರದಲ್ಲಿ ನಾಯಿ ಬೊಗಳಿದ್ದು, ಯಾರೋ ನಿಟ್ಟುಸಿರು ಬಿಟ್ಟದ್ದು. ಮದುವೆಯಾದ ಮೇಲೆ ರಜೆಯ ದಿನ ನಮ್ಮ ಮನೆಯ ವಿಡಿಯೋಗಳಿಗೂ ಹಾಗೇ ಬರೆದೆ. ನಾವು ಹೊಸ ಮನೆಗೆ ಮೇಜು ಹೊತ್ತು ತಂದದ್ದು, ಮಗಳು ಮೊದಲ ಹೆಜ್ಜೆ ಇಟ್ಟದ್ದು, ನಿನ್ನ ಅಮ್ಮ ಬಸ್ಸಿನಲ್ಲಿ ನಿದ್ದೆಹೋದದ್ದು, ಎಲ್ಲದಕ್ಕೂ. [ಅಮ್ಮನ ಗೊರಕೆ, ನಡುವೆ ಒಂದು ಬೈಗುಳ]. [ಇವರ ನಗು: ಎಣ್ಣೆ ಕಾಣದ ಗೇಟು]. ನಾನು ನಕ್ಕರೆ ಹೇಗೆ ಕೇಳುತ್ತದೆ ಎಂದು ನನಗೆ ತಿಳಿದದ್ದು ನೀನು ಅದನ್ನು ಬರೆದ ಮೇಲೆ. ಆ ಗೇಟಿನ ಮಾತಿಗೆ ನಾನು ಎರಡು ದಿನ ಮುನಿಸಿಕೊಂಡಿದ್ದೆ, ನೆನಪಿದೆಯೇ?

ನೀನು ಕೆಲಸ ಮಾಡುತ್ತಿದ್ದ ಬಗೆಯನ್ನು ನಾನು ಪಕ್ಕದಲ್ಲೇ ಕೂತು ನೋಡಿದವನು. ಮೊದಲು ಇಡೀ ವಿಡಿಯೋ ಕೇಳಿಕೊಂಡು, ಪ್ರತಿ ಮಾತು ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗುರುತು ಹಾಕುತ್ತಿದ್ದೆ. ಮಾತಿನ ಜಾಗದಲ್ಲಿ ಸುಮ್ಮನೆ ಒಂದೊಂದು ಚುಕ್ಕಿ ಇಡುತ್ತಿದ್ದೆ. ಎಲ್ಲ ಚುಕ್ಕಿಗಳೂ ಕೂತ ಮೇಲೆ ವಾಪಸು ಬಂದು ಒಂದೊಂದನ್ನೇ ಅಳಿಸಿ ಮಾತು ತುಂಬುತ್ತಿದ್ದೆ. "ಮೊದ್ಲು ಸಾಲಾಗಿ ತಟ್ಟೆ ಹಾಕ್ಬೇಕು, ಆಮೇಲೆ ಬಡಿಸ್ಕೊಂಡು ಬರ್ಬೇಕು" ಎನ್ನುತ್ತಿದ್ದೆ.

ತಟ್ಟೆ ಎಂದೊಡನೆ ನಿನ್ನ ಕಾನೂನೂ ನೆನಪಾಗುತ್ತದೆ. ಊಟಕ್ಕೆ ಕೂರುವಾಗ ಮನೆಯ ಎಲ್ಲ ಮುಚ್ಚಳಗಳೂ ಮುಚ್ಚಿರಬೇಕು. ಲ್ಯಾಪ್‌ಟಾಪ್ ಮುಚ್ಚಬೇಕು, ಫೋನು ಬೋರಲು ಹಾಕಬೇಕು, ಎಲ್ಲರೂ ತಲೆ ಎತ್ತಿ ಉಣ್ಣಬೇಕು. ಯಾರೊಬ್ಬರು ತಲೆ ತಗ್ಗಿಸಿದರೂ ಅವರ ತುಟಿ ನನಗೆ ಕಾಣುವುದಿಲ್ಲ, ನಾನು ನನ್ನ ಮನೆಯಲ್ಲೇ ನೆಂಟನಾಗಿಬಿಡುತ್ತೇನೆ ಎಂದು ನಿನಗೆ ಗೊತ್ತಿತ್ತು. ನೀನು ಸದಾ ನನ್ನ ಎದುರಿನ ಕುರ್ಚಿಯಲ್ಲಿ. ಮಗಳು, ನಮ್ಮ ಗಂಟೆ, ನನ್ನ ಪಕ್ಕದಲ್ಲಿ. ನಡೆಯಲು ಕಲಿತಾಗಿನಿಂದಲೂ ಬಾಗಿಲ ಗಂಟೆ ಬಾರಿಸಿದರೆ ಓಡಿ ಬಂದು ನನ್ನ ಮೊಣಕಾಲು ತಟ್ಟುತ್ತಿದ್ದವಳಿಗೆ ನೀನು ಇಟ್ಟ ಹೆಸರು ಅದು. ಶಾಲೆಯ ಹೆಸರು ಶಾಲೆಗಷ್ಟೇ ಉಳಿಯಿತು.

ನೀನು ಹೋದ ಮೇಲೆ ಎದುರಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಕೂರಬೇಡಿ ಎಂದು ನಾನೇನೂ ಹೇಳಲಿಲ್ಲ. ನಿನ್ನ ಅಮ್ಮ ಆ ಕಡೆಯಿಂದ, ಗಂಟೆ ಈ ಕಡೆಯಿಂದ ಅದನ್ನು ಸುತ್ತಿ ಓಡಾಡುತ್ತಿದ್ದರು. ಗಂಟೆ ಕರೆದಳೆಂದು ನೋಡಿದರೆ, ಯಾರನ್ನು ಕರೆದಳು ಎಂದು ನನಗೆ ಒಂದೊಂದು ಸಲ ಗೊತ್ತಾಗುವುದೂ ಇಲ್ಲ. ತುಟಿಯ ಮೇಲೆ ಅಪ್ಪ ಎಂಬುದೂ ಅಮ್ಮ ಎಂಬುದೂ ಒಂದೇ ಥರ ಕಾಣುತ್ತದೆ. ಯಾರನ್ನು ಕರೆದಿದ್ದರೂ ಹೋಗುವವನು ನಾನೇ ತಾನೆ ಎಂದು ಎದ್ದು ಹೋಗುತ್ತೇನೆ.

ಸಂಜೆ ಕೆಲಸದಿಂದ ಬಂದವನು ನಿನ್ನ ಲ್ಯಾಪ್‌ಟಾಪ್ ತೆರೆದು ದಿನಕ್ಕೊಂದೇ ವಿಡಿಯೋ ನೋಡುತ್ತಿದ್ದೆ. ಹಳೆಯದರಿಂದ ಶುರು ಮಾಡಿ ಸಾಲಾಗಿ ಬರುತ್ತಿದ್ದೆ. ಎಲ್ಲಕ್ಕಿಂತ ಕೊನೆಯದು ಆಸ್ಪತ್ರೆಯದು. ಅದನ್ನು ಫೋನಿನಲ್ಲಿ ನೋಡಿದ್ದೆ, ಲೆಕ್ಕವಿಲ್ಲದಷ್ಟು ಸಲ. ನೀನು ದಿಂಬಿಗೆ ಒರಗಿದ್ದೀಯ, ಮೂಗು ಬಾಯಿ ಎಲ್ಲ ಆಮ್ಲಜನಕದ ಮಾಸ್ಕಿನೊಳಗೆ. ಕಣ್ಣು ಕ್ಯಾಮೆರಾದ ಮೇಲೆ. ಬಹಳ ಹೊತ್ತು ಏನೋ ಹೇಳುತ್ತೀಯ. ಮಾಸ್ಕಿನೊಳಗೆ ಮಂಜು ಕಟ್ಟುತ್ತದೆ, ಆರುತ್ತದೆ, ಮತ್ತೆ ಕಟ್ಟುತ್ತದೆ. ನನಗೆ ಸಿಕ್ಕಿದ್ದು ಆ ಮಂಜು ಮಾತ್ರ. ಫೋನು ಹಿಡಿದವಳು ಗಂಟೆ. ಚಿತ್ರ ನಡುಗುತ್ತದೆ. ಮಗುವಿನ ಕೈ ಸೋತಿರಬೇಕು ಎಂದುಕೊಂಡಿದ್ದೆ.

ನೀನು ಏನು ಹೇಳಿದೆ ಎಂದು ಅವಳನ್ನು ಒಮ್ಮೆ ಕೇಳಿದ್ದೆ. "ಅಮ್ಮ ಲ್ಯಾಪ್‌ಟಾಪಲ್ಲಿ ಬರ್ದಿದಾಳೆ" ಎಂದು ಹೇಳಿ ಒಳಗೆ ಹೋದಳು. ನನಗದು ನಂಬುವಂಥದ್ದೇ. ಬೇಡವೆಂದರೂ ಕೇಳದೆ ಲ್ಯಾಪ್‌ಟಾಪನ್ನು ಆಸ್ಪತ್ರೆಗೆ ತರಿಸಿಕೊಂಡು ಮಂಚದ ಮೇಲೆ ಟೈಪ್ ಮಾಡುತ್ತಿದ್ದವಳಲ್ಲವೇ ನೀನು! ಹಾಗಾದರೆ ನಿನ್ನ ಕೊನೆಯ ಮಾತು ನನಗಾಗಿ ಅಲ್ಲಿ ಕಾದಿದೆ ಎಂದು ನಿಶ್ಚಿಂತನಾದೆ. ತಕ್ಷಣ ಏಕೆ ತೆರೆಯಲಿಲ್ಲ ಎನ್ನುತ್ತೀಯಾ? ಅದನ್ನು ಓದಿಬಿಟ್ಟರೆ ನೀನು ನನಗೆ ಹೊಸದಾಗಿ ಹೇಳುವುದು ಏನೂ ಉಳಿಯುವುದಿಲ್ಲ. ನಾನು ನಿನ್ನ ಹಾಗಲ್ಲ, ಕೊನೆಯ ಪುಟವನ್ನು ಕೊನೆಗೇ ಇಟ್ಟುಕೊಳ್ಳುವವನು.

ಅಷ್ಟರಲ್ಲಿ ಆ ಸಂಜೆ ಬಂತು. ಪರದೆಯ ಮೂಲೆಯಲ್ಲಿ ಮತ್ತೆ ಅದೇ ಸೂಚನೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಎಂದು. ಯಂತ್ರದಲ್ಲಿ ಎಲ್ಲರಿಗಿಂತ ಮೊದಲು ಎದ್ದು ಮಿಕ್ಕವರನ್ನೆಲ್ಲ ಎಬ್ಬಿಸುವ ಪುಟ್ಟ ಪ್ರೋಗ್ರಾಂ ಅದು. ಮನೆಗೆ ನೀನಿದ್ದ ಹಾಗೆ. ನೀನಂತೂ ಪ್ರತಿ ಸಲವೂ "ಆಯ್ತಾಯ್ತು, ನೋಡೋಣ" ಎಂದು ಅದನ್ನು ಮುಂದಕ್ಕೆ ತಳ್ಳುತ್ತಿದ್ದೆ. ನನ್ನ ಅಂಗೈ ಕೆಳಗೆ ಫ್ಯಾನು ಅದುರುತ್ತಿತ್ತು, ಬಿಸಿಯೂ ಏರಿತ್ತು. ಅಪ್‌ಡೇಟ್ ಮಾಡಿದರೆ ಬಿಸಿ ಕಡಿಮೆಯಾಗುತ್ತದೆ ಎಂದು ಬರೆದಿತ್ತು. ನಿನ್ನ ವಸ್ತುವನ್ನು ಜೋಪಾನ ಮಾಡೋಣವೆಂದು ಒತ್ತಿದೆ. ಆರಿಸಬೇಡಿ, ಮುಚ್ಚಬೇಡಿ ಎಂದು ದೊಡ್ಡ ಅಕ್ಷರ ಬಂತು. ಸರಿ ಎಂದು ಅದನ್ನು ಊಟದ ಮೇಜಿನ ಮೇಲೆ ಹಾಗೇ ತೆರೆದಿಟ್ಟು ಕೈ ತೊಳೆಯಲು ಹೋದೆ.

ಹಿಂದಿರುಗಿ ಬಂದಾಗ ತಟ್ಟೆಗಳು ಬಂದಿದ್ದವು, ಲೋಟಗಳು ಬಂದಿದ್ದವು, ಲ್ಯಾಪ್‌ಟಾಪಿನ ಮುಚ್ಚಳವನ್ನು ಗಂಟೆ ಮುಚ್ಚಿದ್ದಳು. ಬೇರೆ ಯಾವ ಮನೆಯಲ್ಲೂ ಇಂಥ ತಪ್ಪು ಆಗುವುದಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಮುಚ್ಚು ಎಂದು ಬಡಿದುಕೊಂಡರೂ ಅವು ಮುಚ್ಚುವುದಿಲ್ಲ. ನಾನು ಬಯ್ಯಲಿಲ್ಲ, ನಿನ್ನಾಣೆ. ಮುಚ್ಚಳ ತೆಗೆದೆ, ಕಪ್ಪು. ಗುಂಡಿ ಒತ್ತಿದೆ, ಕಪ್ಪು. ಒಂದು ಚಿಕ್ಕ ದೀಪ ಮಿನುಗಿತು, ಅಂಗೈಗೆ ಫ್ಯಾನು ಒಂದು ಸಲ ತಿರುಗಿದ್ದು ತಿಳಿಯಿತು, ಆಮೇಲೆ ಏನೂ ಇಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ! ಮುಖ ಓದುವುದರಲ್ಲಿ ಅವಳೂ ನನ್ನ ಮಗಳೇ. ಅವಳ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

ಅವತ್ತಿನಿಂದ ಅವಳು ಮೇಜಿಗೆ ಬರಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿ, ತಲೆ ತಗ್ಗಿಸಿ ಉಣ್ಣತೊಡಗಿದಳು. ಏನು ಕೇಳಿದರೂ ನೆಲಕ್ಕೆ ಉತ್ತರ. ನೆಲಕ್ಕೆ ಹೇಳಿದ್ದು ನನಗೆ ಹೇಗೆ ತಿಳಿಯಬೇಕು? "ಹೋದ್ರೆ ಹೋಗ್ಲಿ ಬಿಡು, ವಿಡಿಯೋ ಎಲ್ಲ ಫೋನಲ್ಲಿದ್ಯಲ್ಲ, ಅವಳ ದನಿ ಇದ್ಯಲ್ಲ ಕೇಳೋಕೆ" ಎಂದರು ನಿನ್ನ ಅಮ್ಮ ನನ್ನನ್ನು ಸಮಾಧಾನ ಮಾಡಲು. ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂದು ಅವರಿಗೇ ಹೊಳೆಯಿತು. ನಾನು ಮಾಡಿಕೊಟ್ಟ ಹಲ್ಲುಸೆಟ್ಟನ್ನು ಕಚ್ಚಿ ಹಿಡಿದುಕೊಂಡು ಅಡುಗೆಮನೆಗೆ ಎದ್ದುಹೋದರು. ಪಾಪ, ಅವರದೇನು ತಪ್ಪು? ಅವರಿಗೆಲ್ಲ ನೀನು ಫೋನಿನಲ್ಲಿ ಇದ್ದೆ. ನನಗೆ ಇದ್ದದ್ದು ಆ ಕಂಸಗಳಲ್ಲಿ.

ಆ ಅಕ್ಷರಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ. ಕಂಡವರ ಸಿನಿಮಾವನ್ನೆಲ್ಲ ಎರಡೆರಡು ಕಡೆ ಉಳಿಸಿಡುತ್ತಿದ್ದ ನೀನು ಮನೆಯದನ್ನು ಆ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ದೀಪದ ಬುಡದಲ್ಲಿ ಕತ್ತಲೆ! ಮೊದಲು ಹೋದ ಅಂಗಡಿಯವನು ಬೆನ್ನು ತಿರುಗಿಸಿಕೊಂಡೇ ಏನೋ ಹೇಳಿದ. ಈ ಕಡೆ ತಿರುಗಿ ಹೇಳಪ್ಪ ಎಂದ ಮೇಲೆ, "ಬೋರ್ಡ್ ಹೋಗಿದೆ, ಹೊಸದು ತಗೊಳಿ" ಎಂದ. ಒಳಗಿರುವುದನ್ನಾದರೂ ತೆಗೆದುಕೊಡು ಎಂದರೆ, ಈ ತೆಳು ಮಾಡೆಲ್‌ನಲ್ಲಿ ಡಿಸ್ಕನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬೋರ್ಡು ಏಳದೆ ಅದು ಸಿಗುವುದಿಲ್ಲ ಎಂದು ಕೈ ಆಡಿಸಿಬಿಟ್ಟ. ಮೆಟ್ಟಿಲು ಇಳಿದು ಬರುವಾಗ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡಿದ್ದೆ. ರಸ್ತೆಯಲ್ಲಿ ಅತ್ತೆ. ಜನ ನೋಡಿದರು. ನೋಡಲಿ. ನಿನ್ನನ್ನು ಮಣ್ಣು ಮಾಡಿದ ದಿನ ಎಲ್ಲರಿಗೂ ಉಪಚಾರ ಮಾಡುತ್ತಾ ಓಡಾಡಿದ್ದೆನಲ್ಲ, ಆ ಅಳು ಅಲ್ಲಿಯವರೆಗೆ ಬಾಕಿ ಇತ್ತು.

ರಿಪೇರಿಯ ಹೆಂಗಸೊಬ್ಬಳ ವಿಳಾಸ ಕೊಟ್ಟದ್ದು ನಮ್ಮ ಲ್ಯಾಬಿನ ದಂತವೈದ್ಯರು. ಪುಸ್ತಕದಂಗಡಿಯ ಮೇಲಿನ ಒಂದು ಕೋಣೆ, ಎಲ್ಲೆಡೆ ಬಿಚ್ಚಿ ಹಾಕಿದ ಕೀಬೋರ್ಡುಗಳು. ರಜೆಯ ದಿನ, ಗಂಟೆಯನ್ನೂ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಬಿಟ್ಟರೆ ಗೋಡೆ ನೋಡುತ್ತಾ ಕೂರುತ್ತಾಳೆ ಎಂಬ ಭಯ. ರಿಪೇರಿಯ ಹೆಂಗಸು ಒರಟು ಮಾತಿನವಳು. ಆದರೆ ದಂತವೈದ್ಯರು ಮೊದಲೇ ಹೇಳಿದ್ದರೇನೋ, ನನ್ನನ್ನು ಕಂಡೊಡನೆ ಕುರ್ಚಿ ತಿರುಗಿಸಿ ಮುಖ ಬೆಳಕಿಗೆ ಹಿಡಿದಳು. ಎಡಗಡೆ ಕ್ಯಾಪ್ ಹಾಕಿದ ಹಲ್ಲು, ಕೆಲಸ ಒರಟು, ನಮ್ಮ ಲ್ಯಾಬಿನದಲ್ಲ. ಎಲ್ಲ ಕೇಳಿಸಿಕೊಂಡು, "ನಾನು ದೇವರಲ್ಲ, ಮೊದ್ಲೇ ಹೇಳ್ತೀನಿ. ಆನ್ ಮಾಡಿದಾಗ ಬೀಪ್ ಅಂತ ಸದ್ದೇನಾದ್ರೂ ಬರತ್ತಾ?" ಎಂದಳು.

ಅದು ಸದ್ದು ಮಾಡುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಗ ಗಂಟೆ ತಲೆ ಎತ್ತಿದಳು. ಎಷ್ಟು ದಿನಗಳ ಮೇಲೆ ಅವಳ ತುಟಿ ನನಗೆ ನೆಟ್ಟಗೆ ಕಂಡಿತು! "ಬರತ್ತೆ. ಒಂದು ಉದ್ದ, ಆಮೇಲೆ ಚಿಕ್ಕಚಿಕ್ಕದು. ಆಮೇಲೆ ನಿಂತೋಗತ್ತೆ. ಮತ್ತೆ ಬರತ್ತೆ. ದಿನಾ ಬರತ್ತೆ."

ದಿನಾ ಎಂದಳು. ಶಾಲೆಯಿಂದ ಬಂದೊಡನೆ, ನಾನು ಇನ್ನೂ ಕೆಲಸದಲ್ಲಿರುವಾಗ, ಅವಳು ಒಬ್ಬಳೇ ಆ ಗುಂಡಿ ಒತ್ತಿ ಕಿವಿ ಇಟ್ಟು ಕೂರುತ್ತಿದ್ದಳಂತೆ. ಅದು ಕೂಗುತ್ತಿತ್ತಂತೆ, ಇವಳು ಕೇಳುತ್ತಿದ್ದಳಂತೆ.

"ಹಾಗಾದ್ರೆ ಪೂರ್ತಿ ಹೋಗಿಲ್ಲ. ಪೂರ್ತಿ ಹೋಗಿದ್ರೆ ಕೂಗ್ತಿರ್ಲಿಲ್ಲ" ಎಂದಳು ಆಕೆ. ಎಬ್ಬಿಸುವ ಪ್ರೋಗ್ರಾಂ ಅರ್ಧಕ್ಕೆ ಅಳಿಸಿಹೋದರೂ, ಅದರೊಳಗೆ ಯಾವತ್ತೂ ಅಳಿಸದ ಚೂರೊಂದು ಇರುತ್ತದಂತೆ. ಅದಕ್ಕೆ ಪರದೆ ಬೆಳಗಿಸಲು ಬಾರದು, ಬರುವುದು ಕೂಗಲು ಮಾತ್ರ. ಪೆನ್‌ಡ್ರೈವ್‌ನಲ್ಲಿ ಆ ಪ್ರೋಗ್ರಾಂ ತುಂಬಿ, ಫೈಲಿಗೆ ಆ ಚೂರು ಹುಡುಕುವ ಹೆಸರನ್ನೇ ಕೊಟ್ಟು ಚುಚ್ಚಿ, ಎರಡು ಕೀಲಿ ಒತ್ತಿಹಿಡಿದು ಆನ್ ಮಾಡಿದರೆ, ತಾನೇ ಹುಡುಕಿಕೊಂಡು ಓದಿಕೊಳ್ಳುತ್ತದೆ. ಓದುವಷ್ಟು ಹೊತ್ತೂ ಪರದೆ ಕಪ್ಪೇ. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಬೀಪ್ ಒಂದೇ ಗುರುತು. "ಕೆಳಗೆ ರಸ್ತೆ ಗಲಾಟೆ, ನನ್ನ ಕಿವೀನೂ ಈಗ ಅಷ್ಟಕ್ಕಷ್ಟೆ. ಕೇಳೋದು ನಿನ್ನ ಕೆಲಸ ಕಣಮ್ಮ" ಎಂದು ಗಂಟೆಯನ್ನು ಹತ್ತಿರ ಕೂರಿಸಿಕೊಂಡಳು.

ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಪೆನ್‌ಡ್ರೈವೇ ಸರಿಯಿಲ್ಲವೆಂದು ಬೇರೆ ಹುಡುಕಿದಳು. ಮತ್ತೆ ಚುಚ್ಚಿದಾಗ ಗಂಟೆ ಕೀಬೋರ್ಡಿಗೆ ಕೆನ್ನೆ ಒತ್ತಿ ಮಲಗಿದಳು. ಅವಳ ಕೈ ತಾನಾಗಿ ಬಂದು ನನ್ನ ಮಣಿಕಟ್ಟು ಹಿಡಿಯಿತು. ಒಂದು ಬೀಪ್, ಒಂದು ತಟ್ಟು. ಮನೆಯಲ್ಲಿ ಬಾಗಿಲ ಗಂಟೆಗೆ, ಕುಕ್ಕರಿನ ಸೀಟಿಗೆ ತಟ್ಟುತ್ತಿದ್ದ ಹಾಗೆ. ನಿನ್ನ ಪೆಟ್ಟಿಗೆಯ ಕೂಗು ಅವಳ ಬೆರಳಿನಿಂದ ನನಗೆ ಬರುತ್ತಿತ್ತು. ಅಷ್ಟರಲ್ಲಿ ಆ ಹೆಂಗಸು ಮಧ್ಯಾಹ್ನದ ಬುತ್ತಿ ಬಿಚ್ಚಿ ಮೇಜಿನ ಮೇಲಿಟ್ಟಳು. ಊಟ ಕಂಡೊಡನೆ ಗಂಟೆಯ ಕಣ್ಣು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಹೋಯಿತು. ತಟ್ಟುವ ಕೈ ನನ್ನ ಮೇಲೆ ಇತ್ತು. ಇನ್ನೊಂದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಎಲ್ಲಿ ತಾನಾಗಿ ಹೋಗಿ ಮುಚ್ಚಿಬಿಡುತ್ತದೋ ಎಂಬಂತೆ.

ತಟ್ಟು ನಿಂತಿತು. ಪರದೆ ಬೆಳಗಿತು. ನಿನ್ನ ಹೆಸರು ಬಂತು. ಆ ಒರಟು ಹೆಂಗಸು ಅನ್ನದ ಕೈಯನ್ನು ಮೇಲೆತ್ತಿ, "ಎದ್ದಿತು ನೋಡ್ರಿ ಕುಂಭಕರ್ಣ!" ಎಂದು ನಕ್ಕಳು. ನಮ್ಮಿಬ್ಬರನ್ನು ನೋಡಿ ಬುತ್ತಿಯನ್ನು ನಮ್ಮ ಕಡೆ ಸರಿಸಿದಳು.

ಮನೆಗೆ ಬಂದು, ವಾಚಾಳಿ, ನಾನು ಸಾಲು ಮುರಿದು ನೇರವಾಗಿ ಕೊನೆಯ ವಿಡಿಯೋ ತೆರೆದೆ. ನಿನ್ನ ಹಾಗೆ. ಇನ್ನು ಕಾಯುವ ಧೈರ್ಯ ನನಗಿರಲಿಲ್ಲ. ನೀನು ದಿಂಬಿಗೆ ಒರಗಿದ್ದೆ. ಮಾಸ್ಕಿನೊಳಗೆ ಮಂಜು ಕಟ್ಟಿತು. ಪರದೆಯ ಅಡಿಯಲ್ಲಿ ಒಂದು ಚುಕ್ಕಿ ಬಂತು. ಹೋಯಿತು. ಮತ್ತೆ ಮಂಜು, ಮತ್ತೆ ಚುಕ್ಕಿ. ನೀನು ಮಾತಾಡಿದಷ್ಟು ಹೊತ್ತು ಚುಕ್ಕಿಗಳು ಬಂದವು, ಹೋದವು.

ತಟ್ಟೆ ಹಾಕಿ ಹೋಗಿದ್ದೆ ನೀನು. ಬಡಿಸಲು ಆಗಿರಲಿಲ್ಲ.

ಭುಜ ತಟ್ಟಿದಂತಾಯಿತು. ಗಂಟೆ. ಪರದೆ ನೋಡುತ್ತಿದ್ದಳು. "ಅಮ್ಮ ಬರ್ದಿಲ್ವಾ?" ಎಂದಳು. ಅವಳು ಇಷ್ಟು ದಿನ ಏನನ್ನು ಹೊತ್ತುಕೊಂಡಿದ್ದಳು ಎಂದು ನನಗೆ ತಿಳಿದದ್ದು ಆಗ. ಅಮ್ಮ ಅಪ್ಪನಿಗಾಗಿ ಬರೆದಿಟ್ಟಿದ್ದನ್ನು ತಾನು ಮುಚ್ಚಿ ಕೊಂದೆ ಎಂದುಕೊಂಡಿದ್ದಳು ಆ ಮಗು. ನನ್ನನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಹತ್ತಿ ಕೂತಳು. ನೀನು ಕಿವಿಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನ್ ಹಾಕಿಕೊಂಡಳು. ಅವಳ ತಲೆಗೆ ಅದು ದೊಡ್ಡದು, ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಚುಕ್ಕಿ ಅಳಿಸಿ ಅಕ್ಷರ ಒತ್ತತೊಡಗಿದಳು. ನಾನು ಹಿಂದೆ ನಿಂತು ಓದಿದೆ.

ಅಪ್ಪಂಗೆ ಮಾಸ್ಕಲ್ಲಿ ಏನೂ ಗೊತ್ತಾಗಲ್ಲ.
ಇದನ್ನ ಆಮೇಲೆ ನಾನೇ ಬರ್ದು ಕೊಡ್ತೀನಿ. ನೀನು ಹೇಳೋಕೆ ಹೋಗ್ಬೇಡ, ನಿಂಗೆ ಅಳು ಬರತ್ತೆ.
ನಾನು ಬರೋದು ತಡ ಆದ್ರೆ, ಊಟದ ಹೊತ್ತಿಗೆ ಮುಚ್ಚಳ ಮುಚ್ಚೋದು ನಿನ್ನ ಕೆಲಸ.
ಅಪ್ಪ ಮರ್ತುಬಿಡ್ತಾರೆ. ಮರೆತ್ರೆ ನೀನೇ ಹೋಗಿ ಮುಚ್ಚು.
ನನ್ನ ಕುರ್ಚೀಲಿ ಕೂತ್ಕೋ. ಪಕ್ಕದಲ್ಲಿ ಅಲ್ಲ, ಎದುರಿಗೆ.
ಎದುರಿಗೆ ಯಾರೂ ಇಲ್ಲಾಂದ್ರೆ ಅವ್ರು ಒಬ್ರೇ ಆಗೋಗ್ತಾರೆ.
ಫೋನ್ ನೆಟ್ಟಗೆ ಹಿಡ್ಕೋ ಪುಟ್ಟ. ನಡುಗ್ತಾ ಇದೆ ನೋಡು.

ಕೊನೆಯ ಚುಕ್ಕಿಯ ಹತ್ತಿರ ಅವಳು ನಿಂತಳು. ಹಿಂದಕ್ಕೆ ಎಳೆದು ಕೇಳಿದಳು. ಮತ್ತೆ ಎಳೆದು ಕೇಳಿದಳು. ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ಅಪ್ಪ, ಇಲ್ಲಿ ಅಮ್ಮ ಏನೋ ಹೇಳ್ತಾಳೆ, ಕೇಳಿಸಲ್ಲ. ನನ್ನದೇ ಕೇಳಿಸತ್ತೆ." ಆಮೇಲೆ ತಿರುಗಿ, ನೀನು ಹಾಕುತ್ತಿದ್ದಂತೆಯೇ ಕಂಸ ಹಾಕಿ ಬರೆದಳು.

[ಗಂಟೆ ಜೋರಾಗಿ ಅಳ್ತಾಳೆ]

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೆ! ಪ್ರತಿ ಸಲವೂ ಅದರೊಳಗೆ ನನ್ನ ಮಗಳು ಅಳುತ್ತಿದ್ದಳು. ಕ್ಯಾಮೆರಾದ ಹಿಂದೆ ಇದ್ದವಳು ನನಗೆ ಕಾಣಲಿಲ್ಲ, ಕೇಳಲಿಲ್ಲ. ಮಗುವಿನ ಕೈ ಸೋತಿದೆ ಎಂದುಕೊಂಡೆ. ಅವಳನ್ನು ಎತ್ತಿಕೊಂಡೆ. ದೊಡ್ಡವಳಾಗಿದ್ದಾಳೆ, ಕಾಲು ನನ್ನ ಮೊಣಕಾಲಿಗೆ ತಗಲುತ್ತದೆ. ಇಬ್ಬರೂ ಅತ್ತೆವು. ಹೇಗೆ ಕೇಳಿಸಿತೋ ನನಗೆ ಗೊತ್ತಿಲ್ಲ. ನಿನ್ನ ಅಮ್ಮ ಸೌಟು ಹಿಡಿದು ಓಡಿ ಬಂದದ್ದು ನೋಡಿದರೆ ಗೇಟೇ ಕಿತ್ತು ಬಿದ್ದಂತೆ ಕೇಳಿಸಿರಬೇಕು.

ಸಂಜೆ ಊಟಕ್ಕೆ ಗಂಟೆ ಲೋಟಗಳನ್ನು ತಂದಳು. ಲ್ಯಾಪ್‌ಟಾಪಿನ ಮುಚ್ಚಳ ತೆರೆದಿತ್ತು. ಅವಳು ನನ್ನನ್ನು ನೋಡಿದಳು. ಮುಚ್ಚು ಎಂದೆ. ಮುಚ್ಚಿದಳು. ಆಮೇಲೆ ನಿನ್ನ ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು. ಅವಳ ಗದ್ದ ಮೇಜಿನ ಅಂಚಿಗೆ ಬರುತ್ತದೆ, ದಿಂಬು ಹಾಕಿಕೊಟ್ಟೆವು. ಎದುರಿನಿಂದ ನೋಡಿದಾಗಲೇ ನನಗೆ ಕಂಡದ್ದು: ಅವಳಿಗೂ ಮುಂಹಲ್ಲಿನ ಪಕ್ಕ ಸಂದು ಬಂದಿದೆ. ಅದನ್ನು ನಾನು ಯಾವತ್ತೂ ಮುಚ್ಚುವುದಿಲ್ಲ.

ನಿನ್ನ ಆ ಕೊನೆಯ ಮಾತೊಂದು ನನಗೆ ಸಿಗಲಿಲ್ಲ. ಇನ್ನು ಸಿಗುವುದೂ ಇಲ್ಲ. ಅದಕ್ಕಾಗಿ ಎದೆ ಸುಡುತ್ತದೆ, ಸುಳ್ಳು ಹೇಳುವುದಿಲ್ಲ. ಮಿಕ್ಕದ್ದೆಲ್ಲ ಮುಟ್ಟಿತು ಕಣೇ. ನೀನು ಬಡಿಸದೆ ಬಿಟ್ಟದ್ದನ್ನು ನಿನ್ನ ಮಗಳು ಬಡಿಸಿದಳು. ನೀನು ಎಲ್ಲಿದ್ದರೂ ಅಲ್ಲಿ ನಿನ್ನ ಬಾಯಿಗೆ ಮಾಸ್ಕಿಲ್ಲದಿರಲಿ, ನಿನ್ನ ಮಾತು ಕೇಳಲು ಯಾರಾದರೂ ಎದುರಿಗೆ ಕೂತಿರಲಿ. ಹೋಗಿ ಬಾ ಎನ್ನಲು ನಾಲಿಗೆ ಏಳುತ್ತಿಲ್ಲ. ತಟ್ಟೆ ಬಂದಿದೆ, ಗಂಟೆ ಮಣಿಕಟ್ಟು ತಟ್ಟುತ್ತಿದ್ದಾಳೆ. ಮುಚ್ಚಳ ಮುಚ್ಚುತ್ತೇನೆ.

ಎಣ್ಣೆ ಕಾಣದ ನಿನ್ನ ಗೇಟು